ಗಟ್ಟಿಯ ಮೇಲಿನ ಮೀನು

ಸಾಹುಕಾರ ಶವಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದೇ ತಡ, ಸತ್ತವನ ಮಗಳು ಆ ಕೈಯನ್ನು ಬಿಡಿಸಿ ಪಕ್ಕಕ್ಕೆ ತಳ್ಳಿದಳು.

"ಮೊದಲು ಒಂದು ಮಾತು ಹೇಳಿ. ಆಮೇಲೆ ಹೆಗಲು ಕೊಡಿ."

"ಏನಮ್ಮಾ ಅದು?"

"ಆ ನಾಣ್ಯ ನಿಮ್ಮದು ಅಂತ. ಎಲ್ಲರಿಗೂ ಕೇಳೋ ಹಾಗೆ."

ಅಂಗಳದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಚಿಕ್ಕಪ್ಪ ಅವಳ ತೋಳು ಹಿಡಿದ.

"ಹೆಣ ಮುಂದಿಟ್ಕೊಂಡು ಜಗಳ ಬೇಡ ಕಣೇ. ಇಪ್ಪತ್ತು ವರ್ಷದ ಹಿಂದಿನ ಮಾತು."

"ಇಪ್ಪತ್ತು ವರ್ಷ ಅಪ್ಪನ್ನ ಕಳ್ಳ ಅಂದ್ರಲ್ಲ ಚಿಕ್ಕಪ್ಪ. ನೀವೂ ಸೇರ್ಕೊಂಡು."

ಚಿಕ್ಕಪ್ಪ ತೋಳು ಬಿಟ್ಟ.

*

ಅವಳಪ್ಪ ನಲ್ಲಿ, ಬೀಗ, ಬಾಗಿಲ ಹಿಡಿಗಳನ್ನು ಎರಕ ಹೊಯ್ಯುತ್ತಿದ್ದ. ಒಂದು ದಿನ ಸಾಹುಕಾರ ಮೂಟೆಗಟ್ಟಲೆ ಚಿಲ್ಲರೆ ನಾಣ್ಯ ತಂದು ಇಳಿಸಿದ. ನಾಣ್ಯದ ಬೆಲೆಗಿಂತ ಅದರ ಲೋಹಕ್ಕೇ ಬೆಲೆ ಹೆಚ್ಚಿದ್ದ ಕಾಲ ಅದು.

"ಇದನ್ನ ಕರಗಿಸಬಹುದಾ ಸಾಹುಕಾರ್ರೇ? ಕಾನೂನು ಗೀನೂನು..."

"ನನ್ನ ದುಡ್ಡು, ನಾನು ಕರಗಿಸ್ತೀನಿ. ಯಾರಪ್ಪನ ಗಂಟು ಹೋಗುತ್ತೆ?"

ಹೆಡ್ಡ ಮನುಷ್ಯ, ನಂಬಿದ. ಕರಗಿಸಿ ಲೋಹದ ಗಟ್ಟಿಗಳನ್ನು ಹೊಯ್ದ. ಕದ್ದುಮುಚ್ಚಿ ಮಾಡಬೇಕಾದ ಕೆಲಸವೆಂದು ಅವನಿಗೆ ಹೊಳೆಯಲೇ ಇಲ್ಲ. ಎಂದಿನಂತೆ ಪ್ರತಿ ಗಟ್ಟಿಯ ಬೆನ್ನಿಗೂ ತನ್ನ ಗುರುತಾದ ಮೀನಿನ ಮುದ್ರೆಯನ್ನು ಒತ್ತಿದ. ಎರಕ ಅಷ್ಟು ನುಣ್ಣಗೆ ಬಂದಿರುವಾಗ ಗುರುತು ಹಾಕದೆ ಬಿಡುವುದುಂಟೇ?

ಪೊಲೀಸರು ಸಾಹುಕಾರನ ಗೋದಾಮಿಗೆ ನುಗ್ಗಿದಾಗ ಆ ಮೀನೇ ಅವರನ್ನು ನೇರವಾಗಿ ಇವನ ಮನೆಗೆ ಕರೆತಂದಿತು. ಕುಲುಮೆಯ ಪಕ್ಕದಲ್ಲಿ ಇನ್ನೂ ಅರ್ಧ ಮೂಟೆ ನಾಣ್ಯವಿತ್ತು.

"ನಾನು ಗಟ್ಟಿ ಕೊಂಡವನು ಸ್ವಾಮಿ. ಅದನ್ನ ಏತರಿಂದ ಮಾಡಿದನೋ ನನಗೇನು ಗೊತ್ತು?" ಎಂದ ಸಾಹುಕಾರ ಕೋರ್ಟಿನಲ್ಲಿ, ಕಣ್ಣು ಮಿಟುಕಿಸದೆ. ನಾಣ್ಯ ಯಾರದೇ ಇರಲಿ, ಕರಗಿಸುವುದು ಅಪರಾಧ ಎಂದರು ನ್ಯಾಯಾಧೀಶರು. ಎರಡು ವರ್ಷ ಜೈಲು. ಅಷ್ಟೊಂದು ನಾಣ್ಯ ಕದ್ದದ್ದೇ ಇರಬೇಕು ಎಂದಿತು ಊರು. ಹೊರಬಂದ ಮೇಲೆ, ಕಳ್ಳನ ಹತ್ತಿರ ಬೀಗ ಮಾಡಿಸುವವರು ಯಾರು? ಅಂಥ ನುರಿತ ಕೈಯ ಮನುಷ್ಯ ತೂತುಬಿದ್ದ ಬಕೆಟ್ಟುಗಳಿಗೆ ತೇಪೆ ಹಾಕುತ್ತ ಸವೆದುಹೋದ. ಸಾಹುಕಾರ ಎರಡು ಮಹಡಿ ಕಟ್ಟಿಸಿದ.

*

ಸಾಹುಕಾರ ಸತ್ತವನ ಮಗಳ ಕಿವಿಯ ಬಳಿ ಬಾಗಿದ. "ನನ್ನದೇ ಕಣಮ್ಮ. ಒಪ್ಕೋತೀನಿ. ಸಾಕಲ್ಲ?"

ಪಕ್ಕದಲ್ಲೇ ಇದ್ದ ಚಿಕ್ಕಪ್ಪನಿಗೂ ಅದು ಕೇಳಿಸಿತು.

"ನನಗೆ ಗೊತ್ತಿರೋದನ್ನ ನನಗೇ ಯಾಕೆ ಹೇಳ್ತೀರಿ? ಅವರಿಗೆ ಹೇಳಿ."

ಸಾಹುಕಾರ ಜನರತ್ತ ತಿರುಗಿ ಗಂಟಲು ಸರಿಮಾಡಿಕೊಂಡ. "ಒಳ್ಳೆ ಕೆಲಸಗಾರ. ಪಾಪ, ಅವನ ಹಣೆಬರಹ ಸರಿ ಇರಲಿಲ್ಲ," ಎಂದ.

ಮಗಳು ಮತ್ತೆ ಕೇಳಲಿಲ್ಲ. ಹೆಗಲು ಕೊಡಲು ಸಾಹುಕಾರ ನಿಲ್ಲಬೇಕೆಂದಿದ್ದ ಪೆಟ್ಟಿಗೆಯ ಮೂಲೆಗೆ ತಾನೇ ಹೋಗಿ ನಿಂತಳು.

ಪೆಟ್ಟಿಗೆಯ ಮೇಲೆ ಸಾಹುಕಾರ ತಂದಿದ್ದ ಮಾರುದ್ದದ ಹೂವಿನ ಹಾರವಿತ್ತು. ಚಿಕ್ಕಪ್ಪ ಅದನ್ನು ತೆಗೆದು, ಸಿಕ್ಕು ಬಿಡಿಸಿ, ಸಾಹುಕಾರನ ಕೊರಳಿಗೆ ಹಾಕಿದ. ಆಮೇಲೆ ಅಣ್ಣನ ತಲೆಯ ಕಡೆಗೆ ಹೋಗಿ ಹೆಗಲು ಕೊಟ್ಟ.

ಪೆಟ್ಟಿಗೆ ಗೇಟು ದಾಟಿತು. ಜನರೂ ಒಬ್ಬೊಬ್ಬರಾಗಿ ಸಾಹುಕಾರನ ಮುಖ ನೋಡಿಕೊಂಡೇ ಹೊರಗೆ ಹೋದರು. ಖಾಲಿ ಅಂಗಳದಲ್ಲಿ ಅವನು ಹೆಣದ ಹಾರ ಹಾಕಿಕೊಂಡು ನಿಂತೇ ಇದ್ದ.