ಮುಂಜಾನೆಯ ಪಟಾಕಿ

ನರಕ ಚತುರ್ದಶಿಯ ಮುಂಜಾನೆ ಮಗಳ ಜೊತೆ ಪಟಾಕಿ ಹೊಡೆದ ಶ್ರೀಪತಿಗೆ ಸಂಜೆಯೊಳಗೆ ಅವನಿದ್ದ ಕೇರಳದ 'ತುಂಬಾ' ಎಂಬ ಊರಿನ ಕಾಲೊನಿ ಸಂಘದ ನೋಟಿಸ್ ಬಂತು. ಬೆಳಗಿನ ಹೊತ್ತು ಗಲಾಟೆ ನಿಷೇಧ, ಇನ್ನೊಮ್ಮೆ ಹೀಗಾದರೆ ಬಾಡಿಗೆ ಮನೆ ಖಾಲಿ ಮಾಡಬೇಕು ಎಂದಿತ್ತು.

"ಎದುರುಮನೆ ಕಾರ್ತಿಕೇಯನ್‌ದೇ ಕೆಲ್ಸ ಕಣೇ! ಗೇಟ್ ಹತ್ರ ನಿಂತು ನಮ್ಮನ್ನೇ ನೋಡ್ತಿದ್ದ."

"ಪೇಪರ್ ತಗೊಳ್ಳೋಕೆ ಬಂದಿರ್ತಾರೆ, ಬಿಡಿ," ಎಂದಳು ಹೆಂಡತಿ ನಿರ್ಮಲ.

ಕಾರ್ತಿಕೇಯನ್ ಹಿಂದಿನ ದಿನ ಕೊಟ್ಟಿದ್ದ ಹಲಸಿನ ಚಿಪ್ಸೂ ಶ್ರೀಪತಿಗೆ ಈಗ ಸಂಚಿನಂತೆ ಕಂಡಿತು. ನೋಟಿಸ್ ಹಿಡಿದು ಜಗಳಕ್ಕೆ ಹೊರಟೇಬಿಟ್ಟ.

ಮೈಸೂರಲ್ಲಿ ಓದಿದ್ದ ಕಾರ್ತಿಕೇಯನ್ ನಕ್ಕು ಕನ್ನಡದಲ್ಲೇ ಹೇಳಿದ: "ಸಾರ್, ವಿಷು ಹಬ್ಬದಲ್ಲಿ ನಮ್ಮ ಪಟಾಕಿಗೆ ನಿದ್ದೆ ಕೆಡ್ತು ಅಂತ ದೂರು ಕೊಟ್ಟು ಈ ರೂಲ್ ಮಾಡಿಸಿದ್ದೇ ನೀವಲ್ವಾ?"

ಶ್ರೀಪತಿ ಮನೆಗೆ ಬಂದು ಉಳಿದ ಪಟಾಕಿಯನ್ನು ಅಟ್ಟಕ್ಕೆ ಹಾಕಿದ.

"ಏನಂದ್ರು ಅವ್ರು?"

"ಒಪ್ಕೊಳ್ಲಿಲ್ಲ ಕಣೇ," ಎಂದ.