ಮದುವೆ ಚೀಲದ ಪುಸ್ತಕ

"ಹುಲಗಪ್ಪಾರ, ನಮ್ಮ ಶಾಂಭವಿ ಲಗ್ನದಾಗ ನಾ ಬರೆದ ಪುಸ್ತಕ ಕೊಟ್ಟಿದ್ನಲ್ಲ, ಅದನ್ನ ವಾಪಸ್ ಕೊಡ್ರಿ. ಒಂದೆರಡು ತಪ್ಪು ಉಳದಾವು, ತಿದ್ದಿ ಹೊಸಾದು ಕೊಡ್ತೇನಿ."

ಬೆಳಗಿನಿಂದ ಮನೆ ಮನೆಯಲ್ಲೂ ಹೇಳಿ ಹೇಳಿ ಶಾಂತಯ್ಯನಿಗೆ ಈ ಸುಳ್ಳು ಬಾಯಿಪಾಠವಾಗಿತ್ತು. ಹುಲಗಪ್ಪ ಹತ್ತಿ ವ್ಯಾಪಾರದಲ್ಲಿ ಅವನ ಹಳೆಯ ಜೊತೆಗಾರ, ಮನೆ ಗೋಪನಕೊಪ್ಪದಲ್ಲಿ. ಒಳಗೆ ಹೋಗಿ ಹುಡುಕಿ, ಮದುವೆಯಲ್ಲಿ ಕೊಟ್ಟ ಕೈಚೀಲವನ್ನೇ ಹಿಡಿದು ಬಂದ. ತೆಂಗಿನಕಾಯಿ ಖರ್ಚಾಗಿತ್ತು. ಪುಸ್ತಕ ಮಾತ್ರ ಪ್ಲಾಸ್ಟಿಕ್ ಹೊದಿಕೆ ಸಮೇತ ಇಟ್ಟಲ್ಲೇ ಇತ್ತು.

"ಓದಾಕ ಪುರಸೊತ್ತ ಆಗಿಲ್ರಿ. ತಪ್ಪ ತಿಳ್ಕೋಬ್ಯಾಡ್ರಿ."

"ಛಲೋ ಆತು ಬಿಡ್ರಿ," ಎಂದ ಶಾಂತಯ್ಯ. ಪುಸ್ತಕ ಇಸಿದುಕೊಂಡು ಹೊರಬಿದ್ದ. ಮೂರು ವರ್ಷ ಕೂತು ಬರೆದ ಬಾಳಿನ ಕಥೆ. ಯಾರೂ ಓದಿರಬಾರದಪ್ಪಾ ಶಿವನೇ ಎಂದು ಬೇಡಿಕೊಳ್ಳುತ್ತ ಮನೆ ಮನೆ ತಿರುಗುವ ಲೇಖಕ ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ಇವನೊಬ್ಬನೇ ಇರಬೇಕು. ಬೇಡಿಕೊಂಡದ್ದು ಹೋದಲ್ಲೆಲ್ಲ ಈಡೇರುತ್ತಲೂ ಇತ್ತು. ಅದೂ ಒಂದು ಸಂಕಟವೇ.

ಹಾಗೆ ನೋಡಿದರೆ ಅವನು ಮೊದಲು ಹೋದದ್ದು ಧಾರವಾಡದ ಪ್ರಕಾಶಕ ವಿಜಯೀಂದ್ರ ರಾಯರ ಹತ್ತಿರವೇ. ರಾಯರು ಹಸ್ತಪ್ರತಿಯನ್ನು ಎಂಟು ತಿಂಗಳು ಇಟ್ಟುಕೊಂಡು, ಒಂದು ದಿನ ಕರೆಸಿ ಚಹಾ ಕುಡಿಸಿದರು. "ಛಲೋ ಬರದೀರಿ. ಆದ್ರ ನಿಮ್ಮ ಅಕ್ಕಾರು ಲಗ್ನಾದ ಹೊಸದಾಗ ಅತ್ತೀಮನ್ಯಾಗ ಉಪವಾಸ ಬಿದ್ದು, ಬಾಜೂ ಮನಿ ರೊಟ್ಟಿ ಕದ್ದು ಸಿಕ್ಕೊಂಡಿದ್ದು ಹಾಕೀರಲ್ಲ, ಅದನ್ನ ಅವರ ಮುಂದ ಓದೀರೇನು? ಅವರು ಹೂಂ ಅಂದ ಮ್ಯಾಲ ಬರ್ರಿ. ಅವಸರ ಏನದ?"

ಶಾಂತಯ್ಯನಿಗೆ ಸಿಟ್ಟು ನೆತ್ತಿಗೇರಿತು. ಅಕ್ಕ ನನ್ನವಳು, ಪೆನ್ನು ನನ್ನದು, ನಡುವೆ ಇವರ್ಯಾರು? ಅಕ್ಕನ ಗಟ್ಟಿತನವನ್ನು ನಾಲ್ಕು ಜನ ಮೆಚ್ಚಲಿ ಅಂತಲೇ ಅಲ್ಲವೇ ಬರೆದದ್ದು? ಜೊತೆಗೆ ಮಗಳು ಶಾಂಭವಿಯ ಮದುವೆ ಹತ್ತಿರ ಬಂದಿತ್ತು. ಬಂದವರಿಗೆಲ್ಲ ಒಂದೊಂದು ಪ್ರತಿ ಕೊಟ್ಟು ಬೀಗರ ಮುಂದೆ ಮೆರೆಯುವ ಆಸೆ ಬೇರೆ. ಸ್ವಂತ ಖರ್ಚಿನಲ್ಲಿ ಕಮರಿಪೇಟೆಯ ಇಸ್ತಿಯಾಕನ ಪ್ರೆಸ್ಸಿಗೆ ಹಾಕಿದ. ತಿಂಗಳೊಳಗೆ ಪುಸ್ತಕ ಬಂತು. ಹೆಂಗ ಅನಿಸ್ತು ಎಂದು ಕೇಳಿದ್ದಕ್ಕೆ ಇಸ್ತಿಯಾಕ, "ನಾವು ಅಚ್ಚು ಹಾಕಾವ್ರು ರೀ ಸಾವಕಾರ್ರ, ಓದಾವ್ರಲ್ಲ," ಎಂದು ನಕ್ಕ. ಶಾಂತಯ್ಯನೂ ನಕ್ಕ. ಬೇಡ ಅನ್ನುವವರು ಯಾರೂ ಇಲ್ಲದ್ದು ಎಷ್ಟು ಸಲೀಸು ಅನಿಸಿತ್ತು ಅವತ್ತು.

ನಿನ್ನೆ ಅಕ್ಕ ಮುರಿಗೆವ್ವನ ಫೋನು ಬಂತು. "ಶಾಂತೂ, ಆ ರೊಟ್ಟಿ ಸುದ್ದಿ ಯಾಕ ಬರದ್ಯೋ?" ಅಷ್ಟು ಕೇಳಿ ಇಟ್ಟುಬಿಟ್ಟಳು. ಅವಳಿಗೆ ಓದು ಬಾರದು. ಮನೆಯಲ್ಲಿ ಯಾರೋ ಓದಿ ಹೇಳಿದ್ದಾರೆ ಎಂದು ಶಾಂತಯ್ಯನಿಗೆ ಹೊಳೆಯಿತು. ಉಳಿದ ಮನೆಗಳಲ್ಲಾದರೂ ಓದುವುದರೊಳಗೆ ಎಲ್ಲ ವಾಪಸ್ ತರಬೇಕೆಂದು ಬೆಳಗಾಗುತ್ತಲೇ ಹೊರಟಿದ್ದ.

ಸಂಜೆ ಬೈರಿದೇವರಕೊಪ್ಪದ ಅಕ್ಕನ ಮನೆಗೆ ಹೋದಾಗ ಅವಳ ಸೊಸೆ ಸೌಮ್ಯಾ ನೀರು ತಂದಿಟ್ಟಳು.

"ಮಾವಾರ, ನಿಮ್ಮ ಪುಸ್ತಕ ಪೂರಾ ಓದಿದ್ನಿರಿ. ಅತ್ತೀ ಸಂಕಟ ಓದಿ ಅಳೂನ ಬಂದಬಿಡ್ತು."

ಮೂರು ವರ್ಷದಿಂದ ಅವನು ಕಾದಿದ್ದದ್ದು ಇಂಥ ಒಂದು ಮಾತಿಗೇ. ನೀರಿನ ಲೋಟವನ್ನು ಕುಡಿಯದೆಯೇ ಕೆಳಗಿಟ್ಟ.

ಸೌಮ್ಯಾ ಒಳಗೆ ಹೋದಮೇಲೆ ಅವನು ಅಕ್ಕನ ಪಕ್ಕ ಕೂತ. "ತಪ್ಪಾತಕ್ಕಾ. ಎಲ್ಲಾರ ಕಡೆಯಿಂದ ವಾಪಸ್ ಇಸ್ಕೊಳ್ಳಾಕತ್ತೇನಿ."

"ಇಸ್ಕೊಂಡ ಏನ್ ಮಾಡ್ತಿ? ಈ ಮನ್ಯಾಗ ಓದಿ ಮುಗದೈತಿ." ಮುರಿಗೆವ್ವ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಇಕಿ ದಿನಾ ನನ್ನ ಕೂಡ ಜಗಳಾ ತಗೀತಿದ್ಲು ನೋಡು. ನಾ ಒಂದ ಅಂದ್ರ ಇಕಿ ಎರಡ ಅಂತಿದ್ಲು. ಈಗ ತುಟಿ ಬಿಚ್ಚಂಗಿಲ್ಲ. ಎಲ್ಲಾರಕಿಂತ ಮೊದಲ ನನಗ ತಾಟ ಹಚ್ತಾಳ. ಹೊಟ್ಟಿ ತುಂಬ್ತೇನ್ರಿ ಅಂತ ಕೇಳ್ತಾಳ. ನಾ ಈ ಮನಿ ಯಜಮಾನಿ ಇದ್ನೋ ತಮ್ಮಾ. ಈಗ ನನ್ನ ಹಸದಾಕಿ ಅಂತ ನೋಡ್ತಾಳ."

ರಾಯರು ಇನ್ನೆಂಟು ತಿಂಗಳು ಬೇಕಾದರೂ ಇಟ್ಟುಕೊಂಡಿದ್ದರೆ ಆಗುತ್ತಿತ್ತು ಎಂದು ಶಾಂತಯ್ಯನಿಗೆ ಅಳು ಬರುವ ಹಾಗಾಯಿತು.

ಊಟಕ್ಕೆ ಕೂತರು. ಮುರಿಗೆವ್ವ ಮೊದಲ ತುತ್ತಿಗೇ ಮುಖ ಕಿವಿಚಿ ದನಿ ಏರಿಸಿದಳು. "ಏನಿದು ಬದನಿಕಾಯಿ ಪಲ್ಯಾ, ಒಂದೀಟೂ ಉಪ್ಪಿಲ್ಲ. ನಿಮ್ಮವ್ವ ಇದನ್ನ ಕಲಿಸ್ಯಾಳೇನು?"

ತವರಿನ ಹೆಸರೆತ್ತಿದರೆ ಸೌಮ್ಯಾ ಬಿಟ್ಟವಳಲ್ಲ. ಶಾಂತಯ್ಯ ತಲೆ ಎತ್ತಿ ಕಾದ. ಅಕ್ಕನೂ ಕಾದಳು.

"ತಪ್ಪಾತ್ರಿ ಅತ್ತಿ," ಎಂದಳು ಸೌಮ್ಯಾ ಮೆಲ್ಲಗೆ. ಒಳಗೆ ಹೋಗಿ ಉಪ್ಪಿನ ಬಟ್ಟಲು ತಂದು, ಅತ್ತೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಚಮಚದಿಂದ ಅವಳ ಪಲ್ಯಕ್ಕೆ ಉಪ್ಪು ಹಾಕಿ ತಾನೇ ಕಲಸಿಕೊಟ್ಟಳು.

ಶಾಂತಯ್ಯ ತನ್ನ ತಾಟಿನ ಪಲ್ಯದ ರುಚಿ ನೋಡಿದ. ಉಪ್ಪು ಸರಿಯಾಗಿಯೇ ಇತ್ತು. ಮುರಿಗೆವ್ವ ತಲೆ ತಗ್ಗಿಸಿ ತುತ್ತು ಮಾಡಿಕೊಂಡಳು, ಸೊಸೆ ನೋಡುತ್ತಿದ್ದ ಹಾಗೆಯೇ ಒಂದೊಂದೇ ನುಂಗಿದಳು.