ತೇರಾ ತೇಜಿ ಮತ್ತು ಎಂಟನೇ ಆವೃತ್ತಿ

ಗಂಗಾವತಿಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಶಾಯಿಸ್ತಾಳಿಗೆ ಇನ್ನೊಂದು ಹುಚ್ಚಿತ್ತು. ಜಗತ್ತಿನ ಮೂಲೆಮೂಲೆಯ ಜನ ಸೇರಿ ಕಟ್ಟಿ, ಪುಕ್ಕಟೆ ಹಂಚುವ ಕಂಪ್ಯೂಟರ್ ವ್ಯವಸ್ಥೆಯೊಂದಕ್ಕೆ ಅವಳು ಬಿಡುವಾದಾಗಲೆಲ್ಲ ದುಡಿಯುತ್ತಿದ್ದಳು. ಸಂಬಳವಿಲ್ಲ, ಸನ್ಮಾನವಂತೂ ಇಲ್ಲವೇ ಇಲ್ಲ. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿಹೇಳುವ ದನಿಯೊಂದು ಅದರಲ್ಲಿತ್ತು. ಅದರ ಉಸ್ತುವಾರಿ ಇವಳದು. ತಂಗಿ ಅಫ್ಸಾನಾಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವಳ ಓದುಬರಹವೆಲ್ಲ ಆ ದನಿಯನ್ನೇ ನಂಬಿಕೊಂಡಿತ್ತು.

ಆದರೆ ದನಿಗೊಂದು ರೋಗ. ಓದುತ್ತ ಓದುತ್ತ ನಡುವೆಯೇ ಗಪ್ಪಾಗಿಬಿಡುತ್ತಿತ್ತು. ಬರಹ ಮುಗಿಯಿತೋ, ದನಿ ಕೆಟ್ಟಿತೋ ಅಫ್ಸಾನಾಳಿಗೆ ತಿಳಿಯುತ್ತಿರಲಿಲ್ಲ. ಕುಷ್ಟಗಿಯ ಕಚೇರಿಯೊಂದರಲ್ಲಿ ಅವಳಿಗೆ ಟೈಪಿಂಗ್ ಕೆಲಸ ಸಿಕ್ಕಿತ್ತು; ಮೊದಲು ಕೆಲವು ತಿಂಗಳು ನೋಡಿ, ಆಮೇಲೆ ಕಾಯಂ ಮಾಡುವ ಮಾತು. ಅಲ್ಲಿ ಇದೇ ವ್ಯವಸ್ಥೆಯ ಎಂಟನೇ ಆವೃತ್ತಿ ಹಾಕುವವರಿದ್ದರು. ಅಷ್ಟರೊಳಗೆ ದನಿ ಸರಿಯಾಗಬೇಕಿತ್ತು. ಶಾಯಿಸ್ತಾ ಊಟ ನಿದ್ದೆ ಬಿಟ್ಟು ದೋಷ ಹುಡುಕಿದಳು, ತಿದ್ದಿಯೂಬಿಟ್ಟಳು. ಕಳಿಸುವುದೊಂದೇ ಬಾಕಿ.

ಆಗ ತಾಯಿ ಲಾಲಬೀ ಅಡ್ಡಬಂದಳು. ಮೊಹರಮ್ ಮುಗಿದು ಸಫರ್ ತಿಂಗಳು ಹುಟ್ಟಿತ್ತು. ಅದರ ಮೊದಲ ಹದಿಮೂರು ದಿನಕ್ಕೆ ಆ ಮನೆಯಲ್ಲಿ ತೇರಾ ತೇಜಿ ಎನ್ನುತ್ತಾರೆ. ಕೇಡಿನ ದಿನಗಳೆಂದು ಹೊಸದೇನನ್ನೂ ಶುರುಮಾಡುವುದಿಲ್ಲ.

"ತಂಗಿ ನೌಕರಿ ಮಾತೈತಿ. ತೇರಾ ತೇಜಿಯೊಳಗ ಕಳಸಬ್ಯಾಡವಾ," ಎಂದಳು ಲಾಲಬೀ. "ಕಡಿ ದಿನ ಕಡ್ಲಿ, ತತ್ತಿ ದಾನಾ ಮಾಡ್ತೀನಿ. ಆಮ್ಯಾಲ ಕಳಸೀಯಂತ."

ಶಾಯಿಸ್ತಾ ಇಂಥದನ್ನೆಲ್ಲ ನಂಬುವವಳಲ್ಲ. ಆದರೆ ಅಫ್ಸಾನಾಳ ಮಾತು ಬಂದಾಗ ತಾಯಿ ಕಣ್ಣೀರು ಹಾಕಿದರೆ ಅವಳ ಬುದ್ಧಿವಂತಿಕೆಯೆಲ್ಲ ಮೂಲೆ ಸೇರುತ್ತಿತ್ತು. ಆವೃತ್ತಿಯ ಕವಲು ಒಡೆಯುವ ದಿನ ಹತ್ತಿರವಿರುವುದು ಗೊತ್ತಿತ್ತು. ಪ್ರತಿ ಸಲವೂ ಅದು ಮುಂದಕ್ಕೆ ಹೋಗುತ್ತದೆಂಬುದೂ ಗೊತ್ತಿತ್ತು. ಈ ಸಲ ಹೋಗಲಿಲ್ಲ; ತೇರಾ ತೇಜಿಯ ನಡುವೆಯೇ ಕವಲು ಒಡೆಯಿತು.

ಕವಲೆಂದರೆ ಇಷ್ಟೇ: ಎಲ್ಲರ ಕೆಲಸವೂ ಒಂದು ಮೂಲಕ್ಕೆ ಬಂದು ಕೂಡುತ್ತದೆ. ಗೊತ್ತುಮಾಡಿದ ದಿನ ಅದರಿಂದ ಒಂದು ಕವಲು ಒಡೆದು, ಅದನ್ನೇ ಹೊಸ ಆವೃತ್ತಿ ಎಂದು ಹೊರಡಿಸುತ್ತಾರೆ. ಆಮೇಲೆ ತೀರಾ ಅಪಾಯದ ದೋಷ ಬಿಟ್ಟು ಬೇರೇನನ್ನೂ ಅಲ್ಲಿ ತಿದ್ದುವಂತಿಲ್ಲ. ಲಗ್ನಪತ್ರಿಕೆ ಪ್ರೆಸ್ಸಿಗೆ ಹೋದ ಮೇಲೆ ಮುಹೂರ್ತ ತಪ್ಪಿದ್ದರೆ ತಿದ್ದುತ್ತಾರೆ. ಸೋದರಮಾವನ ಹೆಸರು ಬಿಟ್ಟುಹೋಗಿದ್ದರೆ ಅವನು ಮುಂದಿನ ಮದುವೆಗೆ ಕಾಯಬೇಕು.

ದಾನದ ಕಡಲೆ ಹಂಚಿಯಾದ ಮೇಲೆ ಶಾಯಿಸ್ತಾ ತಿದ್ದುಪಡಿ ಕಳಿಸಿದಳು. ಆವೃತ್ತಿ ಹೊರಡಿಸುವ ತಂಡದ, ದೂರದೇಶದಲ್ಲಿದ್ದ ಮುಖ್ಯಸ್ಥೆಯಿಂದ ವಿನಯದ ಉತ್ತರ ಬಂತು: ತುಂಬ ಒಳ್ಳೆಯ ಕೆಲಸ, ಒಂಬತ್ತನೇ ಆವೃತ್ತಿಗೆ ತೆಗೆದುಕೊಂಡಿದ್ದೇವೆ, ಎಂಟರ ಕವಲು ಮುಚ್ಚಿದೆ, ಕ್ಷಮಿಸಿ.

ಜಗಳಕ್ಕಾದರೂ ಶಾಯಿಸ್ತಾಳಿಗೆ ಬಾಯಿ ಇತ್ತೇ? ಹಿಂದೊಮ್ಮೆ ಯಾರೋ ಕಡೇ ಗಳಿಗೆಯಲ್ಲಿ ಏನನ್ನೋ ತುರುಕಿ ಸಾಲುಸಾಲು ಶಾಲೆಗಳ ಕನ್ನಡ ಕೀಲಿಮಣೆ ಕೆಡಿಸಿದ್ದರು. ಕವಲು ಒಡೆದ ಮೇಲೆ ಯಾರೂ ಕೈಹಾಕಕೂಡದು ಎಂದು ಆಗ ಎಲ್ಲರಿಗಿಂತ ಜೋರಾಗಿ ವಾದಿಸಿದವಳು ಇವಳೇ. ನಿಯಮ ಸರಿಯಾಗಿಯೇ ಇತ್ತು. ಬೈದು ಹಗುರಾಗಲು ಒಬ್ಬ ಪಾಪಿಯೂ ಸಿಗಲಿಲ್ಲ.

ಕುಷ್ಟಗಿಯಲ್ಲಿ ಎಂಟನೇ ಆವೃತ್ತಿ ಕೂತಿತು. ಅಫ್ಸಾನಾ ಕೆಲಸಕ್ಕೆ ಸೇರಿದಳು. ದನಿ ನಡುವೆ ನಿಂತಾಗ ಪತ್ರ ಮುಗಿಯಿತೆಂದು ತಿಳಿದು ಅರ್ಧ ಪತ್ರವನ್ನೇ ಕಳಿಸಿದಳು. ಅದು ಮತ್ತೆ ಮತ್ತೆ ಆಯಿತು. ಶಾಯಿಸ್ತಾ ಬಸ್ಸು ಹತ್ತಿ ಹೋಗಿ, ತಿದ್ದಿದ ದನಿಯನ್ನು ತಾನೇ ಹಾಕಿಕೊಡುತ್ತೇನೆಂದು ಅಲ್ಲಿನ ಸಾಹೇಬರಿಗೆ ಕೈಮುಗಿದಳು.

"ಹೊರಗಿಂದು ಏನೂ ಹಾಕಂಗಿಲ್ರಿ ಮೇಡಂ, ಮ್ಯಾಲಿಂದ ಆರ್ಡರ್ ಐತಿ," ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ, ನೀರು ತರಿಸಿಕೊಟ್ಟರು. "ಈ ಎಂಟನೇದು ಇನ್ನ ಐದು ವರ್ಷ ನಡೀತೈತಂತ. ಅಲ್ಲೀತನಕ ಬದಲಿ ಮಾಡಂಗಿಲ್ರಿ. ನಿಮ್ಮ ತಂಗಿ ಛಲೋ ಹುಡುಗಿ ಅದಾಳ, ಆದ್ರ ಕೆಲಸ ನಿಲ್ತಾವಲ್ರಿ."

ತಿಂಗಳು ತುಂಬುವ ಮೊದಲೇ ಅಫ್ಸಾನಾಳ ಕುರ್ಚಿಗೆ ಬೇರೆಯವರು ಬಂದರು.

ಈಗ ಅಫ್ಸಾನಾ ಮನೆಯಲ್ಲಿರುತ್ತಾಳೆ. ಅವಳ ಲ್ಯಾಪ್‌ಟಾಪಿಗೆ ಶಾಯಿಸ್ತಾ ತಿದ್ದಿದ ದನಿ ಹಾಕಿದ್ದಾಳೆ. ಎಷ್ಟು ಪುಟ ಕೊಟ್ಟರೂ ಅದು ಒಂದು ಕಡೆಯೂ ನಿಲ್ಲುವುದಿಲ್ಲ. ಒಂದು ಸಂಜೆ ಅಕ್ಕತಂಗಿಯರು ಅದರ ಮುಂದೆ ಕೂತಿದ್ದರು.

"ಐದು ವರ್ಷ ಆದ ಮ್ಯಾಲ ಅಲ್ಲೂ ಹಿಂಗ ಓದತೈತೇನ ಆಪಾ?" ಎಂದಳು ಅಫ್ಸಾನಾ.

"ಓದತೈತಿ."

"ಅಷ್ಟೊತ್ತಿಗೆ ನನ್ನ ಜಾಗಾದಾಗ ಬಂದಾಕಿ ಕಾಯಂ ಆಗಿರ್ತಾಳ."

ಲಾಲಬೀ ಚಹಾ ತಂದಿಟ್ಟು, ಕಿರಿಮಗಳ ತಲೆ ಸವರಿದಳು.

"ನಸೀಬಾ ಅಷ್ಟ ಇತ್ತವಾ. ತೇರಾ ತೇಜಿ ಕಳದು ಕಳಿಸಿದ್ದಕ್ಕ ಇಷ್ಟರಾಗ ಹೋತು. ಮೊದಲ ಕಳಿಸಿದ್ರ ಇನ್ನ ಏನೇನ ಆಗ್ತಿತ್ತೋ!"

ತಿದ್ದುಪಡಿ ಯಾಕೆ ತಡವಾಯಿತೆಂಬುದೆಲ್ಲ ಅಫ್ಸಾನಾಳಿಗೆ ಗೊತ್ತಿತ್ತು. "ಹೌದಮ್ಮಾ," ಎಂದಳು.

ಪಕ್ಕದಲ್ಲಿ ಅಕ್ಕ ಬಿಕ್ಕಿದ್ದು ಅವಳಿಗೆ ಕೇಳಿಸಿತು. ತಾಯಿಗೆ ಕೇಳದಿರಲೆಂದು ಅವಳು ಕೈಚಾಚಿ ಓದುವ ದನಿಯನ್ನು ಜೋರು ಮಾಡಿದಳು.